ಮೊದಲು ಎಣಿಕೆ, ಆಮೇಲೆ ಅನಿಸಿಕೆ: ಪೋಕರ್‌ನಲ್ಲಿ ನಿರ್ಧಾರ ಕೈಗೊಳ್ಳುವ ಕ್ರಮ

ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಡುತ್ತಿದ್ದೀರಿ ಎಂದುಕೊಳ್ಳಿ. ನಿಮ್ಮ ಕೈಗೆ ಕೆಂಪು ಹೃದಯದ ಚಿತ್ರವಿರುವ ಆಟೀನು ಎಕ್ಕ ಮತ್ತು ಆಟೀನು ಒಂಬತ್ತು ಬಂದಿವೆ. ಎಲ್ಲರಿಗೂ ಸೇರಿದ ಮೊದಲ ಮೂರು ಎಲೆಗಳು, ಅಂದರೆ ಫ್ಲಾಪ್, ಮೇಜಿನ ಮೇಲೆ ತೆರೆದುಕೊಂಡಿವೆ: ಆಟೀನು ರಾಜ, ಆಟೀನು ನಾಲ್ಕು, ಕಳಾವರ್ ಏಳು. ಇನ್ನೊಂದು ಆಟೀನು ಬಿದ್ದರೆ ಒಂದೇ ರಂಗಿನ ಐದು ಎಲೆ ಕೂಡಿ ನಿಮಗೆ ಫ್ಲಷ್ ಆಗುತ್ತದೆ. ಪಾಟ್‌ನಲ್ಲಿ ಅಂದರೆ ಎಲ್ಲರೂ ಪಣಕ್ಕಿಟ್ಟ ರಾಶಿಯಲ್ಲಿ, 60 ಹುಣಸೆ ಬೀಜಗಳಿವೆ. ಎದುರಾಳಿ ಇನ್ನೂ 30 ಬೀಜ ಮುಂದಿಡುತ್ತಾನೆ. ನೀವೂ 30 ಇಟ್ಟು ಮುಂದುವರಿಯಬೇಕೆ, ಎಲೆ ಮಗುಚಿ ಹಿಂದೆ ಸರಿಯಬೇಕೆ?

‘ಬಂದೇ ಬರುತ್ತದೆ, ಬಿಡಬೇಡ’ ಎಂದು ಮನಸ್ಸು ಹೇಳುತ್ತದೆ. ಆ ಮಾತಿಗೆ ಕಿವಿಗೊಡಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಅದರ ಸರದಿ ಎಣಿಕೆ ಮುಗಿದ ಮೇಲೆ ಬರಬೇಕು. ಅನಿಸಿಕೆಯನ್ನು ಮೊದಲು ಕೇಳಿದರೆ ತೀರ್ಪು ಆಗಲೇ ಆಗಿಹೋಗಿರುತ್ತದೆ, ಲೆಕ್ಕವು ಅದಕ್ಕೆ ಸಮರ್ಥನೆ ಹುಡುಕುವ ಕೆಲಸವಷ್ಟೇ ಆಗಿ ಉಳಿಯುತ್ತದೆ.

ಬೀಜಗಳ ಮಾತು ಸುಮ್ಮನೆ ಬಂದದ್ದಲ್ಲ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೋ ಅದೃಷ್ಟದವೋ ಎಂಬ ಭೇದವಿಲ್ಲದೆ, ನಿಷೇಧಿಸಿದೆ. ಇಲ್ಲಿ ಹೇಳುವ ಕ್ರಮವನ್ನು ಕಲಿಯಲು ಹಣವೇ ಬೇಕಿಲ್ಲ. ಒಂದು ಕಟ್ಟು ಇಸ್ಪೀಟ್ ಎಲೆ, ಒಂದು ಹಿಡಿ ಬೀಜ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲ ಹೆಜ್ಜೆ: ನಿಮ್ಮನ್ನು ಗೆಲ್ಲಿಸುವ ಎಲೆಗಳನ್ನು ಎಣಿಸಿ

ಕಟ್ಟಿನಲ್ಲಿ 52 ಎಲೆಗಳಿವೆ, ಅವುಗಳಲ್ಲಿ ಐದನ್ನು ನೀವು ಕಂಡಿದ್ದೀರಿ, ಉಳಿದ 47 ಕಾಣದವು. ಒಂದು ರಂಗಿನಲ್ಲಿ 13 ಎಲೆಗಳಿದ್ದು ನಾಲ್ಕು ಆಟೀನು ಈಗಾಗಲೇ ಕಣ್ಣ ಮುಂದಿರುವುದರಿಂದ ಒಂಬತ್ತು ಬಾಕಿ. ಇವುಗಳಿಗೆ ಆಟಗಾರರು ಔಟ್ಸ್ ಎನ್ನುತ್ತಾರೆ. ಮುಂದಿನ ಎಲೆಯಲ್ಲೇ, ಅಂದರೆ ಟರ್ನ್‌ನಲ್ಲೇ, ಆಟೀನು ಬರುವ ಸಾಧ್ಯತೆ 47ರಲ್ಲಿ 9, ಸುಮಾರು 19%. ಟರ್ನ್ ಮತ್ತು ಕೊನೆಯ ಎಲೆಯಾದ ರಿವರ್ ಎರಡನ್ನೂ ಸೇರಿಸಿ ನೋಡಿದರೆ ಅದು 35% ಆಗುತ್ತದೆ. ಮೇಜಿನಲ್ಲಿ ಇಷ್ಟು ಭಾಗಾಕಾರ ಮಾಡುತ್ತ ಕೂರಲು ಆಗದವರು ಔಟ್ಸ್ ಸಂಖ್ಯೆಯನ್ನು ಒಂದು ಎಲೆ ಬಾಕಿಯಿದ್ದರೆ ಎರಡರಿಂದ, ಎರಡು ಎಲೆ ಬಾಕಿಯಿದ್ದರೆ ನಾಲ್ಕರಿಂದ ಗುಣಿಸಿದರೆ ಸಾಕು: 18% ಮತ್ತು 36%. ನಿಜವಾದ ಅಂಕಿಗೆ ಇವು ಬಹಳ ಹತ್ತಿರ.

ಎಣಿಸುವಾಗ ಎಲ್ಲ ಔಟ್‌ಗಳೂ ಚೊಕ್ಕವೇ ಎಂದು ಪರೀಕ್ಷಿಸಿ. ಆಟೀನು ಏಳು ಬಂದರೆ ನಿಮಗೆ ಫ್ಲಷ್ ಆಗುವುದು ನಿಜ, ಆದರೆ ಮೇಜಿನ ಮೇಲೆ ಎರಡು ಏಳುಗಳು ಜೋಡಿಯಾಗುತ್ತವೆ. ಎದುರಾಳಿಯ ಕೈಯಲ್ಲಿ ಎರಡು ರಾಜಗಳಿದ್ದರೆ, ಮೂರು ರಾಜ ಮತ್ತು ಎರಡು ಏಳು ಕೂಡಿದ ಅವನ ಫುಲ್ ಹೌಸ್ ನಿಮ್ಮ ಫ್ಲಷ್ ಅನ್ನು ಸೋಲಿಸುತ್ತದೆ.

ಎರಡನೆಯ ಹೆಜ್ಜೆ: ಬೆಲೆ ಎಷ್ಟೆಂದು ನೋಡಿ

ನೀವು ಇಡಬೇಕಾದದ್ದು 30. ನೀವು ಇಟ್ಟ ಮೇಲೆ ಪಾಟ್ 60, 30, 30 ಕೂಡಿ 120 ಆಗುತ್ತದೆ. 120ರಲ್ಲಿ 30 ಎಂದರೆ 25%. ಗೆಲ್ಲುವ ಸಾಧ್ಯತೆ ಇದಕ್ಕಿಂತ ಹೆಚ್ಚಿದ್ದರೆ ಮುಂದುವರಿಯುವುದು ದೀರ್ಘಕಾಲದಲ್ಲಿ ಲಾಭ, ಕಡಿಮೆಯಿದ್ದರೆ ನಷ್ಟ. ಹಾಗಾದರೆ ಹೋಲಿಸಬೇಕಾದ್ದು 19% ಅನ್ನೋ, 35% ಅನ್ನೋ? ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಎದುರಾಳಿ ತನ್ನಲ್ಲಿದ್ದ ಬೀಜಗಳನ್ನೆಲ್ಲ ಇಟ್ಟುಬಿಟ್ಟಿದ್ದರೆ ಮುಂದೆ ಮತ್ತೆ ಬೆಲೆ ತೆರಬೇಕಾಗಿಲ್ಲ, ಎರಡೂ ಎಲೆಗಳನ್ನು ನೋಡುವ ಹಕ್ಕು ನಿಮ್ಮದು. ಆಗ 35% ಸರಿಯಾದ ಅಂಕಿ, ಮುಂದುವರಿಯಿರಿ. ಅವನ ಬಳಿ ಇನ್ನೂ ಬೀಜಗಳಿದ್ದರೆ ಟರ್ನ್ ಆದ ಮೇಲೆ ಮತ್ತೊಂದು ಬೆಟ್ ಬರಬಹುದು. ಆಗ ಈ 30 ಬೀಜಗಳಿಂದ ನೀವು ಕೊಳ್ಳುತ್ತಿರುವುದು ಒಂದೇ ಎಲೆಯನ್ನು, ಆದ್ದರಿಂದ ಅಂಕಿ 19%. ಬೆಲೆ ಹೆಚ್ಚಾಯಿತು.

ಮೂರನೆಯ ಹೆಜ್ಜೆ: ಈಗ ಅನಿಸಿಕೆಗೆ ಒಂದು ಖಚಿತವಾದ ಪ್ರಶ್ನೆ ಕೊಡಿ

ಬೆಲೆ ಹೆಚ್ಚಾದ ಮಾತ್ರಕ್ಕೆ ಎಲೆ ಮಗುಚಲೇಬೇಕೆಂದಿಲ್ಲ, ಏಕೆಂದರೆ ಫ್ಲಷ್ ಆದ ಮೇಲೆ ಎದುರಾಳಿಯಿಂದ ಇನ್ನಷ್ಟು ಬೀಜಗಳು ಬರಬಹುದು. ಎಷ್ಟು ಬಂದರೆ ಲೆಕ್ಕ ಸರಿಹೋಗುತ್ತದೆ? 47 ಸಲದಲ್ಲಿ 38 ಸಲ ನೀವು 30 ಬೀಜ ಕಳೆದುಕೊಳ್ಳುತ್ತೀರಿ, ಒಟ್ಟು 1,140. ಅದನ್ನು ಗೆಲ್ಲುವ ಒಂಬತ್ತು ಸಲಗಳಲ್ಲಿ ತುಂಬಿಕೊಳ್ಳಬೇಕಾದರೆ ಪ್ರತಿ ಸಲ ಸುಮಾರು 127 ಬೀಜ ಸಿಗಬೇಕು. ಪಾಟ್‌ನಲ್ಲಿ ಈಗ 90 ಇದೆ, ಕೊರತೆ 37. ಹೀಗೆ ‘ಬರುತ್ತದೋ ಇಲ್ಲವೋ’ ಎಂಬ ತೇಲು ಮಾತಿನ ಜಾಗದಲ್ಲಿ ಒಂದು ಗಟ್ಟಿ ಪ್ರಶ್ನೆ ನಿಂತಿತು: ಮೇಜಿನ ಮೇಲೆ ಮೂರು ಆಟೀನು ಕಾಣುತ್ತಿರುವಾಗಲೂ ಈ ವ್ಯಕ್ತಿ ಇನ್ನೂ 37 ಬೀಜ ಕೊಡುವವನೇ? ಇದಕ್ಕೆ ಗಣಿತದಲ್ಲಿ ಸಿದ್ಧ ಉತ್ತರವಿಲ್ಲ. ಅವನು ಇಷ್ಟು ಹೊತ್ತು ಆಡಿದ ರೀತಿಯನ್ನು ಗಮನಿಸಿದ ನಿಮ್ಮ ಮನಸ್ಸೇ ಹೇಳಬೇಕು, ಅನಿಸಿಕೆಯ ನಿಜವಾದ ಕೆಲಸ ಇರುವುದು ಇಲ್ಲಿ.

ಬ್ಲಫ್, ಅಂದರೆ ಒಳ್ಳೆಯ ಎಲೆಯಿಲ್ಲದೆಯೂ ಇದ್ದಂತೆ ನಟಿಸಿ ಬೆಟ್ ಮಾಡುವುದು, ಇದರ ವಿಷಯದಲ್ಲೂ ಇದೇ ಕ್ರಮ. ರಿವರ್ ಬಿದ್ದ ಮೇಲೆ 100 ಬೀಜದ ಪಾಟ್‌ಗೆ ಎದುರಾಳಿ 50 ಇಟ್ಟರೆ ನಿಮಗೆ ಬೇಕಾದದ್ದು 200ರಲ್ಲಿ 50, ಅಂದರೆ 25%. ಅವನು ಬ್ಲಫ್ ಮಾಡುತ್ತಿದ್ದರೆ ಮಾತ್ರ ನೀವು ಗೆಲ್ಲುವಂತಿದ್ದಾಗ ‘ಇವನು ಸುಳ್ಳಾಡುತ್ತಿದ್ದಾನೆಯೇ’ ಎಂದು ಕೇಳಿಕೊಳ್ಳಬೇಡಿ. ‘ಇಂಥ ನಾಲ್ಕು ಸಂದರ್ಭಗಳಲ್ಲಿ ಒಮ್ಮೆಯಾದರೂ ಬ್ಲಫ್ ಮಾಡುವವನೇ’ ಎಂದು ಕೇಳಿಕೊಳ್ಳಿ. ಮುಖಭಾವಕ್ಕಿಂತ ಬೆಟ್‌ನ ಗಾತ್ರ ಮತ್ತು ಸಮಯವನ್ನು ಗಮನಿಸುವುದು ಉತ್ತಮ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರ ಎದುರು 1,20,000 ಕೈಗಳನ್ನು ಆಡಿ ಗೆದ್ದಾಗ ಅದಕ್ಕೆ ಯಾರ ಮುಖವೂ ಕಾಣುತ್ತಿರಲಿಲ್ಲ.

ನಾಲ್ಕನೆಯ ಹೆಜ್ಜೆ: ಎಲೆ ತೆರೆಯುವ ಮೊದಲೇ ಬರೆದಿಡಿ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅಂತಃಪ್ರಜ್ಞೆಯನ್ನು ಯಾವಾಗ ನಂಬಬಹುದು ಎಂಬುದಕ್ಕೆ ಎರಡು ಷರತ್ತುಗಳನ್ನು ಹೇಳಿದ್ದಾರೆ: ಪರಿಸರದಲ್ಲಿ ನಿಯತವಾದ ಸುಳಿವುಗಳಿರಬೇಕು, ಅವುಗಳನ್ನು ಕಲಿಯಲು ಸಾಕಷ್ಟು ಅವಕಾಶವೂ ಇರಬೇಕು. ಪೋಕರ್‌ನಲ್ಲಿ ಎರಡನೆಯ ಷರತ್ತು ಸುಲಭವಾಗಿ ಈಡೇರುವುದಿಲ್ಲ. ನೀವು ಹಿಂದೆ ಸರಿದರೆ ಎದುರಾಳಿ ಎಲೆ ತೋರಿಸಬೇಕಾಗಿಲ್ಲ, ಹಾಗಾಗಿ ನಿಮ್ಮ ಅನಿಸಿಕೆ ಸರಿಯಿತ್ತೇ ಎಂಬುದು ತಿಳಿಯದೆಯೇ ಉಳಿಯುತ್ತದೆ. ತಿಳಿದಾಗಲೂ ಫಲಿತಾಂಶ ಮೋಸಮಾಡಬಲ್ಲದು: ಎರಡು ಎಕ್ಕಗಳು ಎರಡು ರಾಜಗಳ ಎದುರು ಫ್ಲಾಪ್‌ಗೆ ಮುಂಚೆಯೇ ಎಲ್ಲ ಬೀಜಗಳನ್ನು ಪಣಕ್ಕಿಟ್ಟರೂ ಗೆಲ್ಲುವುದು ಸುಮಾರು 82% ಸಲ ಮಾತ್ರ. ಉಳಿದ ಸಲಗಳಲ್ಲಿ ಸರಿಯಾದ ನಿರ್ಧಾರವೇ ಸೋಲುತ್ತದೆ. ಆ ಸೋಲಿನಿಂದ ಮನಸ್ಸು ತಪ್ಪು ಪಾಠ ಕಲಿಯುತ್ತದೆ.

ಆದ್ದರಿಂದ ಪ್ರತಿ ದೊಡ್ಡ ನಿರ್ಧಾರಕ್ಕೂ ನೋಟ್‌ಬುಕ್‌ನಲ್ಲಿ ಒಂದು ಸಾಲು ಮೀಸಲಿಡಿ: ಬೇಕಾದ ಶೇಕಡಾವಾರು, ಎಣಿಕೆ ಕೊಟ್ಟ ಅಂಕಿ, ಅನಿಸಿಕೆ ಕೊಟ್ಟ ಅಂಕಿ, ಅದಕ್ಕೆ ಕಾರಣ. ಕಾರಣದ ಜಾಗದಲ್ಲಿ ‘ಎರಡು ಸಲ ಥಟ್ಟನೆ ಬೆಟ್ ಮಾಡಿದ, ಎರಡೂ ಸಲ ಕೈಯಲ್ಲಿ ಏನೂ ಇರಲಿಲ್ಲ’ ಎಂಬಂಥ ಮಾತಿದ್ದರೆ ಅನಿಸಿಕೆಗೆ ಬೆಲೆ ಕೊಡಿ. ಕಾರಣ ಬರೆಯಲು ಏನೂ ತೋಚದಿದ್ದರೆ ಎಣಿಕೆಯ ಅಂಕಿಯನ್ನೇ ಹಿಡಿಯಿರಿ. ಹೆಸರಿಡಲಾಗದ ಅನಿಸಿಕೆ ಸುಳ್ಳೇ ಎಂದಲ್ಲ, ಆದರೆ ಅದನ್ನು ನಂಬುವಷ್ಟು ಅನುಭವ ಹೊಸಬರ ಬಳಿ ಇರುವುದಿಲ್ಲ. ‘ಐದು ಸಲ ಫ್ಲಷ್ ತಪ್ಪಿದೆ, ಈ ಸಲ ಬರಲೇಬೇಕು’ ಎಂದು ಬರೆಯಲು ಕೈ ಹೋದರೆ ಅಲ್ಲೇ ನಿಲ್ಲಿಸಿ. 35% ಸಾಧ್ಯತೆಯ ಫ್ಲಷ್ ಸತತ ಐದು ಸಲ ತಪ್ಪುವುದು ಸುಮಾರು 11.6% ಸಂದರ್ಭಗಳಲ್ಲಿ ನಡೆಯುವ ಸಾಮಾನ್ಯ ಸಂಗತಿ, ಮತ್ತು ಕಲೆಸಿದ ಕಟ್ಟಿಗೆ ಹಿಂದಿನ ಆಟಗಳ ನೆನಪಿರುವುದಿಲ್ಲ.

ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಅದನ್ನು ಮರಳಿ ಪಡೆದದ್ದು ಋತುಪರ್ಣನಿಂದ ದಾಳದಾಟದ ರಹಸ್ಯವಿದ್ಯೆಯಾದ ಅಕ್ಷಹೃದಯವನ್ನು ಕಲಿತ ಮೇಲೆ. ಋತುಪರ್ಣ ತಾರೆ ಮರದ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದೊಡನೆ ಹೇಳಿದಾಗ ನಳ ಅದನ್ನು ಹಾಗೆಯೇ ಒಪ್ಪಲಿಲ್ಲ, ಮರ ಕಡಿದು ಎಣಿಸಿ ನೋಡಿದ. ನೋಟ್‌ಬುಕ್‌ನ ಕೆಲಸವೂ ಅದೇ. ಎದುರಾಳಿಯ ಎಲೆ ಕಂಡ ಸಾಲುಗಳು ಐವತ್ತರಷ್ಟಾದ ಮೇಲೆ, ಅನಿಸಿಕೆಯು 25% ಎಂದಿದ್ದ ಕಡೆಗಳಲ್ಲಿ ನಾಲ್ಕರಲ್ಲಿ ಒಂದರಷ್ಟು ನಿಜವಾಯಿತೇ ಎಂದು ಎಣಿಸಿ. ಎಲೆ ಕಾಣದೆ ಹೋದ ಸಾಲುಗಳನ್ನು ಈ ಎಣಿಕೆಗೆ ಸೇರಿಸಬೇಡಿ, ಊಹೆಯಿಂದ ತುಂಬಲೂ ಬೇಡಿ. ದೊಡ್ಡ ಪಾಟ್ ಒಂದನ್ನು ಸೋತ ಬಿಸಿಯಲ್ಲಿ ಆಡುತ್ತಿರುವಾಗ ಮೂರನೆಯ ಹೆಜ್ಜೆಯನ್ನು ಪೂರ್ತಿ ಬಿಟ್ಟು, ಮೊದಲ ಎರಡರಿಂದಲೇ ನಿರ್ಧರಿಸಿ.