1012 ಅಡಿ ಎತ್ತರದಲ್ಲಿ ಹಾರಿದ ವಿಮಾನ: ಸ್ಕ್ಯಾನರ್ ಕಲಿತ ನನ್ನ ಅನುಭವ

ಪೈಲಟ್‌ಗಳು ರೇಡಿಯೋದಲ್ಲಿ ಮಾತಾಡೋದನ್ನ ಸ್ಕ್ಯಾನರ್ ಅನ್ನೋ ರೇಡಿಯೋ ಸೆಟ್ಟಲ್ಲಿ ಕೇಳೋ ಈ ಹುಚ್ಚು ಯಾವಾಗ ಹಿಡೀತು ಅಂತ ಯಾರಾದ್ರೂ ಕೇಳಿದ್ರೆ ಕೋನೇನ ಅಗ್ರಹಾರದ ನಮ್ಮ ಹಳೇ ಮನೆಯಿಂದ ಶುರು ಮಾಡ್ಬೇಕು. ಆಗ ಏರ್‌ಪೋರ್ಟ್ ಎಚ್ಎಎಲ್‌ನಲ್ಲೇ ಇತ್ತಲ್ಲ, ವಿಮಾನ ಬಂತು ಅಂದ್ರೆ ಟಿವಿ ಸದ್ದು ಕೇಳ್ತಿರ್ಲಿಲ್ಲ, ಅಪ್ಪ ಫೋನಲ್ಲಿ "ಒಂದ್ನಿಮಿಷ ಇರಿ, ಪ್ಲೇನ್ ಹೋಗ್ಲಿ" ಅಂತ ಸುಮ್ನಾಗೋರು, ಪಾತ್ರೆ ಸ್ಟ್ಯಾಂಡ್ ಗಡಗಡ ಅನ್ನೋದು. ಅಷ್ಟು ಹತ್ರ ಹೋಗೋ ವಿಮಾನದೊಳಗೆ ಪೈಲಟ್ ಯಾರ ಜೊತೆ ಏನು ಮಾತಾಡ್ತಿರ್ಬಹುದು ಅನ್ನೋದೇ ನಂಗೆ ಚಿಕ್ಕ ವಯಸ್ಸಲ್ಲಿ ದೊಡ್ಡ ಪ್ರಶ್ನೆ. 2008ರ ಮೇನಲ್ಲಿ ಎಲ್ಲಾ ದೇವನಹಳ್ಳಿಗೆ ಹೋಯ್ತು, ನಾನೂ ಆಮೇಲೆ ಮದುವೆ ಆಗಿ ಸಹಕಾರನಗರಕ್ಕೆ ಬಂದೆ, ಪ್ರಶ್ನೆ ಮಾತ್ರ ಹಾಗೇ ಉಳೀತು.

ಉತ್ತರ ಹುಡುಕೋಕೆ ನಾನು ಇಟ್ಟ ಮೊದಲನೇ ಹೆಜ್ಜೆನೇ ತಪ್ಪು. ಎಸ್‌ಪಿ ರೋಡ್‌ನಲ್ಲಿ ಒಂದು ಅಂಗಡಿಗೆ ಹೋಗಿ ವಿಮಾನದ್ದು ಕೇಳ್ಸೋ ರೇಡಿಯೋ ಇದ್ಯಾ ಅಂದೆ, ಅವ್ನು ಒಂದು ಸೆಕೆಂಡೂ ಯೋಚ್ನೆ ಮಾಡ್ದೆ ಒಂದು ವಾಕಿಟಾಕಿ ತೆಗೆದು "ಎಲ್ಲಾ ಬರುತ್ತೆ ಮೇಡಂ" ಅಂದ. ಮನೆಗೆ ತಂದು ಎರಡು ದಿನ ತಿರುಗಿಸಿದ್ದೇ ತಿರುಗಿಸಿದ್ದು, ಏನೂ ಬರ್ಲಿಲ್ಲ. ಮೂರನೇ ದಿನ ಮೇಲಿನ ಮನೆ ಅಂಕಲ್‌ಗೆ ತೋರಿಸಿದೆ. ಅವರು ವಿಮಾನದ ರೇಡಿಯೋ ರಿಪೇರಿ ಮಾಡಿನೇ ರಿಟೈರ್ ಆದವರು, ಹಳೇ ಹ್ಯಾಮ್ ಬೇರೆ, ಅಂದ್ರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋರು. ಸೆಟ್ ಕೈಗೆ ತಗೊಂಡು ಹಿಂದೆ ಮುಂದೆ ನೋಡಿ, "ಅಲ್ಲಮ್ಮಾ, ಇದು ಎಫ್ಎಂ ಸೆಟ್ಟು, ಅದೂ 136ರಿಂದ ಮೇಲೆ. ವಿಮಾನದವರು ಮಾತಾಡೋದು 118ರಿಂದ 137 ಮೆಗಾಹರ್ಟ್ಸ್ ಒಳಗೆ, ಎಎಂನಲ್ಲಿ. ನೀನು ಬಾವಿ ಇಲ್ಲದ ಕಡೆ ಕೊಡ ಇಳಿಸ್ತಿದೀಯ" ಅಂದ್ರು. ಎಎಂ ಅಂದ್ರೆ ಆಕಾಶವಾಣಿದಲ್ವಾ, ಅದು ಹಳೇ ಕಾಲದ್ದಲ್ವಾ ಅಂತ ನಾನು. ಆಗ ಅವರು ಹೇಳಿದ್ದು ನಂಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆದ ಸಂಗತಿ. ಎಫ್ಎಂನಲ್ಲಿ ಇಬ್ರು ಒಟ್ಟಿಗೆ ಮಾತಾಡಿದ್ರೆ ಜೋರಾಗಿರೋ ಸಿಗ್ನಲ್ಲು ಇನ್ನೊಂದನ್ನ ಪೂರ್ತಿ ನುಂಗಿಬಿಡುತ್ತೆ, ಎರಡನೇಯವನು ಮಾತಾಡ್ದ ಅನ್ನೋದೇ ಗೊತ್ತಾಗಲ್ಲ. ಎಎಂನಲ್ಲಿ ಹಾಗಲ್ಲ, ಕೀಂಯ್ ಅಂತ ಒಂದು ಕೆಟ್ಟ ಸೀಟಿ ಬರುತ್ತೆ, ಏರ್‌ಪೋರ್ಟಿನ ಕಂಟ್ರೋಲ್ ಟವರ್‌ನಲ್ಲಿ ಕೂತವರಿಗೆ ಓಹೋ ಇಬ್ರು ಕರೀತಿದಾರೆ ಅಂತ ತಿಳಿಯುತ್ತೆ, ಇನ್ನೊಂದ್ಸಲ ಹೇಳಿ ಅಂತಾರೆ. ಸದ್ದು ಕೆಟ್ಟದಾಗಿರೋದೇ ಇಲ್ಲಿ ಉಪಯೋಗ.

ವಾಕಿಟಾಕಿ ವಾಪಸ್ ಕೊಟ್ಟು ಬಾ ಅಂತ ಗದರಿಸಿ ಕಳಿಸಿದ್ರು. ಅಂಗಡಿಯವನು ದುಡ್ಡು ಕೊಡ್ಲಿಲ್ಲ, ಬದಲಿಗೆ ಎಕ್ಸ್‌ಟೆನ್ಷನ್ ಬೋರ್ಡು ಕೊಟ್ಟ. ಈಗ್ಲೂ ನಮ್ಮನೆ ಮಿಕ್ಸಿ ಅದ್ರಲ್ಲೇ ಓಡ್ತಿರೋದು.

ಗದರಿಸಿದ್ದಕ್ಕೆ ಕಾರಣ ಇತ್ತು. ನಮ್ಮಲ್ಲಿ ರೇಡಿಯೋ ಸೆಟ್ ತಗೊಳ್ಳೋದು ಟಾರ್ಚ್ ತಗೊಂಡ ಹಾಗಲ್ಲ. ವೈರ್‌ಲೆಸ್ ಸೆಟ್ ಇಟ್ಕೊಳ್ಳೋಕೇ ಲೈಸೆನ್ಸ್ ಬೇಕು ಅಂತ 1933ರಲ್ಲೇ ಕಾಯ್ದೆ ಬಂದಿತ್ತು, ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಹ್ಯಾಮ್ ಪರೀಕ್ಷೆ ಪಾಸಾದ್ರೂ ಅದು ಹ್ಯಾಮ್ ಬ್ಯಾಂಡ್‌ಗೆ, ವಿಮಾನದ ಬ್ಯಾಂಡ್‌ಗೆ ಅಲ್ಲ. ಅಂಕಲ್ ತಮ್ಮ ಸೆಟ್ಟಿನ ಕಾಗದ ಪತ್ರ ಎಲ್ಲಾ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಪಾಸ್‌ಪೋರ್ಟ್ ಜೊತೆ ಇಟ್ಟಿದಾರೆ. ನಂಗೆ ಹಾಕಿದ ಷರತ್ತು ಎರಡು: ಸೆಟ್ ಅವರ ಟೆರೇಸ್ ಬಿಟ್ಟು ಆಚೆ ಹೋಗಬಾರದು, ಕೇಳಿದ್ದು ಕಿವಿ ಬಿಟ್ಟು ಆಚೆ ಹೋಗಬಾರದು, ಅಂದ್ರೆ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಹಾಕೋ ಹಾಗಿಲ್ಲ. ಏರ್‌ಫೋರ್ಸ್ ಕಾಂಪೌಂಡ್ ಪಕ್ಕ ಹೋಗಿ ರೇಡಿಯೋ ಹಿಡ್ಕೊಂಡು ನಿಂತು, ಸಿಕ್ಕಿಬಿದ್ದು ಆಮೇಲೆ ಅಳೋ ಹುಡುಗರನ್ನ ನೋಡಿ ಅವರಿಗೆ ಸಾಕಾಗಿದೆಯಂತೆ. ನೀವೂ ಈ ಕಡೆ ಬರೋದಾದ್ರೆ ಕಾಗದ ಮೊದ್ಲು, ಸೆಟ್ ಆಮೇಲೆ.

ಅವರದ್ದು ಯೂನಿಡೆನ್ ಬಿಸಿ125ಎಟಿ, ಕೈಯಲ್ಲಿ ಹಿಡಿಯೋ ಚಿಕ್ಕದು, 500 ಚಾನೆಲ್, 50ರಂತೆ 10 ಬ್ಯಾಂಕ್, ಅಂದ್ರೆ ಗುಂಪು. ಮೊದಲನೇ ದಿನ ಆನ್ ಮಾಡಿದ ಕೂಡ್ಲೇ ಶ್ಶ್ಶ್ ಅಂತ ಕಿವಿ ಕಿತ್ತು ಹೋಗೋ ಸದ್ದು. ಸ್ಕ್ವೆಲ್ಚ್ ಅಂತ ಒಂದಿದೆ, ಅದು ಬಾಗಿಲು ಕಾಯೋನ ಥರ, ದುರ್ಬಲ ಸದ್ದನ್ನ ಒಳಗೆ ಬಿಡಲ್ಲ. ನಾನು ಸದ್ದು ಹೋಗ್ಲಿ ಅಂತ ಪೂರ್ತಿ ಏರಿಸಿಬಿಟ್ಟೆ, ಅರ್ಧ ಗಂಟೆ ಪರಮ ಶಾಂತಿ, ಇವತ್ತು ವಿಮಾನಾನೇ ಇಲ್ವೇನೋ ಅಂದ್ಕೊಂಡು ಕೂತಿದ್ದೆ, ತಲೆ ಮೇಲೆ ಎರಡು ಹೋದ್ವು. ಶ್ಶ್ ಅನ್ನೋದು ನಿಲ್ಲೋ ಜಾಗದಿಂದ ಒಂದೇ ಒಂದು ಕೂದಲೆಳೆ ಮೇಲೆ ಇಡ್ಬೇಕು, ಅಷ್ಟೇ. ಇನ್ನೊಂದು ತಪ್ಪು ಬ್ಯಾಟರಿದು. ಒಳಗೆ ಒಂದು ಪುಟ್ಟ ಸ್ವಿಚ್ ಇದೆ, ಚಾರ್ಜ್ ಆಗೋ ಸೆಲ್ಲಾ, ಮಾಮೂಲಿ ಸೆಲ್ಲಾ ಅಂತ. ಮಾಮೂಲಿ ಸೆಲ್ ಹಾಕಿ ಸ್ವಿಚ್ ನೋಡ್ದೆ ಚಾರ್ಜರ್ ಚುಚ್ಚೋಕೆ ಹೋಗಿದ್ದೆ, ಅಂಕಲ್ ಓಡಿ ಬಂದು ವೈರ್ ಕಿತ್ರು. ಹಾಗೆ ಮಾಡಿದ್ರೆ ಸೆಲ್ ಲೀಕ್ ಆಗಿ ಸೆಟ್ಟೇ ಹಾಳಾಗುತ್ತೆ, ಸಿಡಿದ್ರೂ ಸಿಡೀಬಹುದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸ್ಕ್ಯಾನರ್ ಅಂದ ಮೇಲೆ ಸ್ಕ್ಯಾನ್ ಮಾಡ್ಬೇಕು ಅಂತ ಎಲ್ರೂ ಅಂದ್ಕೋತಾರೆ, ನಾನೂ ಇದ್ದಬದ್ದ ಚಾನೆಲ್ ಎಲ್ಲಾ ತುಂಬಿಸಿ ಓಡಿಸಿದೆ. ಫ್ರೀಕ್ವೆನ್ಸಿ ಹುಡುಕೋದು ಕಷ್ಟ ಅಲ್ಲ, ಏರ್‌ಪೋರ್ಟ್ಸ್ ಅಥಾರಿಟಿಯವರೇ ತಮ್ಮ ಪ್ರಕಟಣೆಯಲ್ಲಿ ಎಲ್ಲಾ ಏರ್‌ಪೋರ್ಟಿಂದೂ ಹಾಕಿರ್ತಾರೆ. ಆದ್ರೆ ಕೇಳಿಸಿದ್ದೇನು? ಒಬ್ರ ಅರ್ಧ ವಾಕ್ಯ, ಇನ್ನೊಬ್ರ ಕಾಲು ವಾಕ್ಯ, ಮದುವೆ ಮನೆಯಲ್ಲಿ ಎಲ್ಲರ ಮಾತೂ ಕಿವಿಗೆ ಬಿದ್ದು ಯಾವ್ದೂ ತಲೆಗೆ ಹೋಗದ ಹಾಗೆ. ಇಂಗ್ಲಿಷ್ ಬರುತ್ತೆ ಅನ್ನೋ ಜಂಬ ಬೇರೆ ಇತ್ತು ನಂಗೆ, ಇಪ್ಪತ್ತು ವರ್ಷ ಆಫೀಸಲ್ಲಿ ಅದೇ ಮಾತಾಡಿದೀನಿ. ಒಂದು ವಾರ ಹತ್ತರಲ್ಲಿ ಒಂದು ಪದ ಹಿಡಿಯೋಕಾಗ್ಲಿಲ್ಲ.

ಅಂಕಲ್ ಬಂದು ಎಲ್ಲಾ ಬ್ಯಾಂಕ್ ಆಫ್ ಮಾಡಿ ಒಂದೇ ಚಾನೆಲ್ ಬಿಟ್ರು, ಏಟಿಸ್. ಅದು ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಇದ್ದ ಹಾಗೆ, ಏರ್‌ಪೋರ್ಟಿನ ಗಾಳಿ, ರನ್‌ವೇ, ಮೋಡ, ಉಷ್ಣಾಂಶ ಎಲ್ಲಾ ಹೇಳಿದ್ದನ್ನೇ ಹೇಳ್ತಾ ಇರುತ್ತೆ, ಒಂದೊಂದು ಸಲದ ಮಾಹಿತಿಗೂ ಎ, ಬಿ, ಸಿ ಥರ ಒಂದು ಅಕ್ಷರದ ಹೆಸರು, ಹೊಸ ಮಾಹಿತಿ ಬಂದ್ರೆ ಆಲ್ಫಾ ಹೋಗಿ ಬ್ರಾವೋ ಆಗುತ್ತೆ, ಬ್ರಾವೋ ಹೋಗಿ ಚಾರ್ಲಿ. ಮೊದಲನೇ ಸಲ ಎರಡು ಪದ ಸಿಕ್ತು, ಹತ್ತನೇ ಸಲಕ್ಕೆ ಪೂರ್ತಿ ಬರ್ಕೊಂಡೆ. ಟೈಮ್ ಮಾತ್ರ ತಪ್ಪು ಹೇಳ್ತಿದಾರೆ ಅನ್ನಿಸ್ತು, ಬೆಳಗ್ಗೆ 8 ಗಂಟೆಗೆ 0230 ಅಂತಿದೆ, ಆಮೇಲೆ ಗೊತ್ತಾಯ್ತು ವಿಮಾನದ ಲೋಕದಲ್ಲಿ ಎಲ್ಲಾ ಕಡೆ ಒಂದೇ ಗಡಿಯಾರ, ನಮಗಿಂತ ಐದೂವರೆ ಗಂಟೆ ಹಿಂದೆ.

ಆ ಏಟಿಸ್ ಬರ್ಕೊಂಡ ನೋಟ್ ಪುಸ್ತಕದಲ್ಲೇ ನನ್ನ ದೊಡ್ಡ ಪ್ರಮಾದ ಇರೋದು. ಕ್ಯೂಎನ್ಎಚ್ ವನ್ ಜೀರೋ ವನ್ ಟೂ ಅಂತ ಬಂತು, ನಾನು ಪಕ್ಕದಲ್ಲಿ "ಎತ್ತರ 1012 ಅಡಿ" ಅಂತ ನೀಟಾಗಿ ಬರೆದಿದೀನಿ. ಅಂಕಲ್ ಅದನ್ನ ಓದಿ ಕನ್ನಡಕ ತೆಗೆದು ಒರೆಸ್ಕೊಂಡು ಕೇಳಿದ್ರು, "ದೇವನಹಳ್ಳಿ ಸಮುದ್ರಕ್ಕಿಂತ ಎಷ್ಟು ಎತ್ತರ ಇದೆಯಮ್ಮಾ?" ಸುಮಾರು 3000 ಅಡಿ. "ಹಾಗಾದ್ರೆ ನಿನ್ನ ವಿಮಾನ ಎಲ್ಲಿ ಹಾರ್ತಿದೆ, ಬೋರ್‌ವೆಲ್ ಒಳಗಾ?" ಆ 1012 ಗಾಳಿಯ ಒತ್ತಡ, ಅದನ್ನ ಸೆಟ್ ಮಾಡಿದ್ರೆ ಪೈಲಟ್ ಮುಂದಿರೋ ಮೀಟರ್ ಸಮುದ್ರ ಮಟ್ಟದಿಂದ ಎತ್ತರ ತೋರಿಸುತ್ತೆ. 1012 ಬದಲು 1013 ಅಂತ ಸೆಟ್ ಮಾಡಿದ್ರೂ ಸುಮಾರು 30 ಅಡಿ ಲೆಕ್ಕ ತಪ್ಪುತ್ತೆ, ಅದಕ್ಕೇ ಪೈಲಟ್ ಅದನ್ನ ವಾಪಸ್ ಹೇಳ್ಲೇಬೇಕು. ಇದು ಗೊತ್ತಾದ ಮೇಲೆ ಪೈಲಟ್‌ಗಳು ಯಾಕೆ ಗಿಣಿ ಥರ ಹೇಳಿದ್ದನ್ನೇ ಹೇಳ್ತಾರೆ ಅನ್ನೋ ಬೇಜಾರು ಹೋಯ್ತು, ಅಷ್ಟೇ ಅಲ್ಲ, ಅದು ನಂಗೆ ವರದಾನ ಆಯ್ತು. ಟವರ್ ಹೇಳಿದ್ದು ತಪ್ಪಿಹೋದ್ರೆ ಪೈಲಟ್ ಬಾಯಲ್ಲಿ ಇನ್ನೊಂದ್ಸಲ ಸಿಗುತ್ತೆ.

ಆಮೇಲಿಂದ ನಾನು ಮಾಡಿದ್ದು ಇಷ್ಟು. ಒಂದು ವಾರಕ್ಕೆ ಒಂದೇ ಚಾನೆಲ್. ಏಟಿಸ್ ಆದ ಮೇಲೆ ಟವರ್, ಅಲ್ಲಿ ಮಾತು ಕಮ್ಮಿ, ಹೇಳೋದು ನಾಕೈದೇ ಥರ: ಲೈನ್ ಅಪ್ ಅಂಡ್ ವೇಟ್, ಕ್ಲಿಯರ್ಡ್ ಫಾರ್ ಟೇಕಾಫ್, ಕ್ಲಿಯರ್ಡ್ ಟು ಲ್ಯಾಂಡ್, ಗೋ ಅರೌಂಡ್ (ಅಂದ್ರೆ ಇಳೀಬೇಡ, ಮತ್ತೆ ಮೇಲೇರು). ಅದಾದ್ಮೇಲೆ ಅಪ್ರೋಚ್, ಇಳಿಯೋಕೆ ಹತ್ರ ಬರ್ತಿರೋ ವಿಮಾನಗಳಿಗೆ ದಾರಿ ಹೇಳೋ ಚಾನೆಲ್, ಅದು ಫಾಸ್ಟು. ಕಿವಿಗೆ ಮುಂದಿನ ಮಾತು ಏನು ಬರ್ಬಹುದು ಅಂತ ಮೊದಲೇ ಗೊತ್ತಿದ್ರೆ ಮಾತ್ರ ಅದು ಕೇಳಿಸೋದು, ಇದನ್ನ ನಾನು ತುಂಬಾ ತಡವಾಗಿ ಕಲಿತೆ. ಪುರೋಹಿತರ ಮಂತ್ರ ಅರ್ಥ ಆಗ್ದೆ ಇದ್ರೂ ಈಗ ಅಕ್ಷತೆ ಹಾಕ್ಬೇಕು ಅಂತ ನಮಗೆ ಗೊತ್ತಾಗಲ್ವಾ, ಹಾಗೆ. ರಾತ್ರಿ ಅಭ್ಯಾಸಕ್ಕೆ ಲೈವ್ ಎಟಿಸಿ ಆ್ಯಪಲ್ಲಿ ಅಮೆರಿಕದ ಏರ್‌ಪೋರ್ಟ್ ಕೇಳ್ತಿದ್ದೆ, ನ್ಯೂಯಾರ್ಕ್ ಕೇಳಿದ್ಮೇಲೆ ಬೆಂಗಳೂರಿನವರು ಪಾಪ ಎಷ್ಟು ನಿಧಾನ ಅನ್ಸುತ್ತೆ.

ಹೆಸರುಗಳು ಇನ್ನೊಂದು ತಲೆನೋವು. ಟಿಕೆಟ್ ಮೇಲೆ 6ಇ ಅಂತ ಇರೋ ಇಂಡಿಗೋ ರೇಡಿಯೋದಲ್ಲಿ "ಐಫ್ಲೈ", ಬ್ರಿಟಿಷ್ ಏರ್‌ವೇಸ್ ಅಂದ್ರೆ "ಸ್ಪೀಡ್‌ಬರ್ಡ್". ನಾನು ಎರಡು ದಿನ ಐಫ್ಲೈ ಅಂದ್ರೆ ಯಾರೋ ಪೈಲಟ್ "ನಾನು ಹಾರ್ತೀನಿ" ಅಂತ ಹೇಳ್ತಿದಾನೆ ಅಂದ್ಕೊಂಡಿದ್ದೆ! ಪಕ್ಕದಲ್ಲಿ ಫೋನಲ್ಲಿ ಫ್ಲೈಟ್‌ರಾಡಾರ್24 ಇಟ್ಕೊಂಡ್ರೆ ಯಾರು ಎಲ್ಲಿದಾರೆ ಅಂತ ಕಾಣುತ್ತೆ, ಅರ್ಧ ಕಷ್ಟ ಕಮ್ಮಿ. ನಮ್ಮ ಪೈಲಟ್‌ಗಳು ಇಷ್ಟೆಲ್ಲಾ ಇಂಗ್ಲಿಷ್ ಮಧ್ಯೆ ಒಂದು "ನಮಸ್ಕಾರ್" ಹಾಕ್ತಾರೆ ನೋಡಿ, ಅದನ್ನ ಕೇಳಿದಾಗೆಲ್ಲಾ ನಂಗೆ ಖುಷಿ.

ರನ್‌ವೇ ನಂಬರ್ ಹವಾಮಾನ ಹೇಳುತ್ತೆ ಅನ್ನೋದೂ ಇಲ್ಲೇ ಕಲಿತಿದ್ದು. ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ ಪಶ್ಚಿಮ, ಪೂರ್ವಕ್ಕೆ ಮುಖ ಮಾಡಿದ್ರೆ 09, ಪಶ್ಚಿಮಕ್ಕೆ 27, ದಿಕ್ಸೂಚಿಯ 90 ಮತ್ತೆ 270 ಡಿಗ್ರಿ, ಕೊನೇ ಸೊನ್ನೆ ತೆಗೆದಿದಾರೆ ಅಷ್ಟೇ. ವಿಮಾನ ಗಾಳಿಗೆ ಎದುರಾಗಿ ಏರಿ ಇಳಿಯೋದ್ರಿಂದ ಜೂನ್ ಜುಲೈ ಮಳೆಗಾಲದ ಪಡುವಣ ಗಾಳೀಲಿ ಹೆಚ್ಚಾಗಿ ಟೂ ಸೆವೆನ್, ಚಳಿಗಾಲದಲ್ಲಿ ಜೀರೋ ನೈನ್. ಟೂ ಸೆವೆನ್ ಕೇಳ್ತಿದ್ರೆ ಒಗೆದ ಬಟ್ಟೆ ಒಳಗೆ ತಗೋಬೇಕಾ ಅಂತ ಒಂದ್ಸಲ ಮೋಡ ನೋಡ್ತೀನಿ ಈಗ.

ಆಂಟೆನಾ ವಿಷಯ. ನಾನು ಸೆಟ್ಟನ್ನ ಮೇಜಿನ ಮೇಲೆ ಮಲಗಿಸಿ ಕೇಳ್ತಿದ್ದೆ, ನೆಟ್ಟಗೆ ನಿಲ್ಲಿಸಿದ ಕೂಡ್ಲೇ ಸದ್ದು ಏರ್ತು, ಯಾಕಂದ್ರೆ ಅವರು ಕಳಿಸೋದೂ ನೆಟ್ಟಗಿನ ಅಲೆನೇ. ಜೊತೆಗೆ ಬರೋ ಗಿಡ್ಡ ರಬ್ಬರ್ ಆಂಟೆನಾ ತೆಗೆದು ಎಳೆಯೋ ಆಂಟೆನಾ ಹಾಕಿ ಸುಮಾರು 59 ಸೆಂಟಿಮೀಟರ್ ಎಳೆದ್ರೆ ಈ ಬ್ಯಾಂಡಿಗೆ ಸರಿಯಾಗಿ ಕಾಲು ಅಲೆಯಷ್ಟು ಉದ್ದ ಆಗುತ್ತೆ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತೆ. ಆದ್ರೆ ಎತ್ತರದ ಮುಂದೆ ಆಂಟೆನಾ ಏನೂ ಅಲ್ಲ. ಈ ಅಲೆಗಳು ದೃಷ್ಟಿ ಹೋದಷ್ಟೇ ಹೋಗೋದು, ನಮ್ಮನೆ ಹಾಲಲ್ಲಿ ಟವರ್ ಮಾತು ಕೇಳ್ಸೋದೇ ಇಲ್ಲ, ಪೈಲಟ್ ಮಾತು ಮಾತ್ರ ಕೇಳ್ಸುತ್ತೆ, ಫೋನಲ್ಲಿ ಮಾತಾಡೋರ ಪಕ್ಕ ಕೂತ ಹಾಗೆ ಒಂದು ಕಡೆದು ಮಾತ್ರ. ಟೆರೇಸಿಗೆ ಹೋದ್ರೆ ಟವರ್ ಕೂಡ ತೆಳ್ಳಗೆ ಬರುತ್ತೆ. 35,000 ಅಡಿ ಮೇಲಿರೋ ವಿಮಾನ ಮುನ್ನೂರು ಕಿಲೋಮೀಟರ್ ಆಚೆ ಇದ್ರೂ ಪಕ್ಕದ ರೂಮಲ್ಲಿರೋ ಹಾಗೆ ಕೇಳುತ್ತೆ, ಅವರೆಲ್ಲಾ ಕರೆಯೋದು "ಚೆನ್ನೈ, ಚೆನ್ನೈ" ಅಂತ, ನಮ್ಮ ಆಕಾಶ ಚೆನ್ನೈ ವಲಯದ ಲೆಕ್ಕಕ್ಕೆ ಸೇರಿರೋದು. ಮೊದ್ಲು ಸ್ವಲ್ಪ ಹೊಟ್ಟೆಕಿಚ್ಚಾಯ್ತು ನಂಗೆ.

ಇನ್ನೊಂದು ವಿಚಿತ್ರ, ಕರೆಂಟ್ ಹೋದಾಗ ಚೆನ್ನಾಗಿ ಕೇಳುತ್ತೆ. ಒಂದು ಸಂಜೆ ಇಡೀ ಬೀದಿ ಕತ್ತಲಾಯ್ತು, ಅಷ್ಟೊತ್ತು ಕರಕರ ಅಂತಿದ್ದ ಸೆಟ್ಟು ಥಟ್ಟಂತ ಕ್ಲೀನ್. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರು ಇವೆಲ್ಲಾ ಗದ್ದಲ ಹೊರಹಾಕ್ತಾವಂತೆ, ಎಎಂ ಅದನ್ನೆಲ್ಲಾ ಒಳಗೆ ಎಳ್ಕೊಳ್ಳುತ್ತೆ. ಹತ್ತು ನಿಮಿಷಕ್ಕೆ ಪಕ್ಕದ ಮನೆಯವರು ಯುಪಿಎಸ್ ಆನ್ ಮಾಡಿದ್ರು, ಮುಗೀತು ಕಥೆ.

ಕಳೆದ ಚಳಿಗಾಲ ಜನವರಿಲಿ ನಮ್ಮಣ್ಣ ದಿಲ್ಲಿಯಿಂದ ಬೆಳಗಿನ ಫ್ಲೈಟ್‌ಗೆ ಬರೋದಿತ್ತು. ಐದೂವರೆಗೇ ಎದ್ದು ಶಾಲು ಹೊದ್ಕೊಂಡು ಟೆರೇಸಿಗೆ ಹೋದೆ, ಎದುರು ಮನೆ ನೀರಿನ ಟ್ಯಾಂಕೇ ಕಾಣ್ತಿಲ್ಲ, ಅಷ್ಟು ಮಂಜು. ಅಂಕಲ್ ಆಗ್ಲೇ ಫ್ಲಾಸ್ಕ್ ಇಟ್ಕೊಂಡು ಕೂತಿದ್ರು. ಏಟಿಸ್‌ನಲ್ಲಿ ಫಾಗ್ ಅಂತ ಬಂತು, ಅಪ್ರೋಚ್‌ನಲ್ಲಿ ಒಬ್ಬೊಬ್ರಿಗೂ ಹೋಲ್ಡ್, ಹೋಲ್ಡ್. ಪೈಲಟ್‌ಗಳು ರನ್‌ವೇ ಮೇಲೆ ಎಷ್ಟು ಮೀಟರ್ ಕಾಣ್ತಿದೆ ಅಂತ ಮತ್ತೆ ಮತ್ತೆ ಕೇಳ್ತಿದಾರೆ, ಒಬ್ರು ಚೆನ್ನೈಗೆ ಹೋಗ್ತೀವಿ ಅಂತ ಹೊರಟೇ ಹೋದ್ರು. ಅಷ್ಟರಲ್ಲಿ ಅಣ್ಣನ ಫ್ಲೈಟ್ ನಂಬರ್ ಬಂತು. ಒಂದಕ್ಷರ ಬಿಡ್ದೆ ಪೂರ್ತಿ ಕೇಳಿಸ್ತು ನಂಗೆ, ಎತ್ತರ, ಜಾಗ, ಹೋಲ್ಡ್, ಎಲ್ಲಾ, ಬರ್ಕೊಳ್ಳೋ ಅಗತ್ಯಾನೂ ಬೀಳ್ಲಿಲ್ಲ. ಅಂಕಲ್ ಬರೀ ತಲೆ ಆಡಿಸಿದ್ರು.

ಕೆಳಗಿಂದ ಅಮ್ಮ ಮೆಟ್ಟಿಲ ಹತ್ರ ನಿಂತು ಕೂಗ್ತಿದಾರೆ, "ಇಡ್ಲಿ ಇಡ್ಲಾ ಬೇಡ್ವಾ, ಬಂದ್ನೇನೇ ಅವ್ನು?" ಹೋಲ್ಡಿಂಗ್ ಅಂದ್ರೆ ಆಕಾಶದಲ್ಲಿ ಉದ್ದುದ್ದ ಪ್ರದಕ್ಷಿಣೆ, ಒಂದು ಸುತ್ತಿಗೆ ಸುಮಾರು 4 ನಿಮಿಷ. ನಾನು ಅಂಕಲ್ ಮುಖ ನೋಡ್ದೆ. ಕೇಳಿದ್ದು ಕಿವಿ ಬಿಟ್ಟು ಹೋಗ್ಬಾರ್ದು ಅಂದೋರು ಅವರೇ ಅಲ್ವಾ. ಅವರು ಕಾಫಿ ಸುರ್ಕೊಂಡು "ಇಡ್ಲಿಗೆ ವಿನಾಯ್ತಿ ಇದೆ" ಅಂದ್ರು.

"ಇನ್ನೂ ಸುತ್ತುತಿದಾನಮ್ಮಾ, ಮೂರು ಸುತ್ತಿಗೆ ಒಂದು ಒಬ್ಬೆ ಆಗುತ್ತೆ, ಅದನ್ನ ನಾವು ತಿನ್ನೋಣ, ಅವ್ನಿಗೆ ಆಮೇಲೆ ಇಡು" ಅಂತ ಕೂಗಿದೆ.