ಕಾನ್‌ಸ್ತಾಂತ್ಸಾಗೆ ಬರುವವರೇ, ತಾತಾರರನ್ನು ತುರ್ಕರು ಅನ್ನಬೇಡಿ

ರೊಮೇನಿಯಾದ ಕಾನ್‌ಸ್ತಾಂತ್ಸಾಗೆ ಕೆಲಸಕ್ಕೆ ಬರುತ್ತಿದ್ದೀರಾ? ವಾಸದ ಪರ್ಮಿಟ್, ವಿಮೆ ಎಲ್ಲ ಕಂಪನಿಯವರೇ ಹೇಳಿಕೊಡುತ್ತಾರೆ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ, ಸಾಕು. ನಾನು ಹೇಳಬೇಕಾದ್ದು ಬೇರೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎರಡು ವರ್ಷ ಅವರನ್ನು ತುರ್ಕರು ಅಂದುಕೊಂಡಿದ್ದೆ. ಒಂದು ದಿನ ನೆಂಟರ ಎದುರಿಗೇ ಹಾಗಂದುಬಿಟ್ಟೆ. ಅಜ್ಜಿ ಬೈಯಲಿಲ್ಲ. "ನಾವು ತಾತಾರರು ಮಗಳೇ, ಕ್ರೈಮಿಯಾದ ಕಡೆಯವರು" ಅಂದರು. ಕ್ರೈಮಿಯಾ ಅಂದರೆ ಕಪ್ಪು ಸಮುದ್ರದ ಉತ್ತರಕ್ಕಿರುವ ಪರ್ಯಾಯ ದ್ವೀಪ. ದೆಹಲಿಯಲ್ಲಿ ನನ್ನನ್ನು ಮದ್ರಾಸಿ ಅಂದಾಗ ಎಷ್ಟು ಮೈ ಉರಿದಿತ್ತು! ಅದೇ ತಪ್ಪು ನಾನೂ ಮಾಡಿದೆನಲ್ಲ ಅಂತ ಇವತ್ತಿಗೂ ಸಂಕಟವಾಗುತ್ತದೆ.

ಡಾನ್ಯೂಬ್ ನದಿಗೂ ಕಪ್ಪು ಸಮುದ್ರಕ್ಕೂ ನಡುವಿನ ಈ ಸೀಮೆ ದೊಬ್ರೋಜಾ. 1878ರವರೆಗೆ ಆಟೊಮನ್ ಸುಲ್ತಾನರ ಕೈಯಲ್ಲಿತ್ತು. ಈಗ ಉತ್ತರದ ಭಾಗ ರೊಮೇನಿಯಾದ್ದು, ದಕ್ಷಿಣದ್ದು ಬಲ್ಗೇರಿಯಾದ್ದು. ಇಲ್ಲಿನ ತುರ್ಕರ ಬೇರು ಆ ಆಳ್ವಿಕೆಯಲ್ಲಿದೆ. ತಾತಾರರಲ್ಲಿ ತುಂಬಾ ಜನರ ಹಿರಿಯರು, 1783ರಲ್ಲಿ ರಷ್ಯಾ ಕ್ರೈಮಿಯಾವನ್ನು ಹಿಡಿದ ಮೇಲೆ ಮನೆಮಠ ಬಿಟ್ಟು ಬಂದವರು. ಕ್ರೈಮಿಯಾ ಯುದ್ಧ ಮುಗಿದ 1856ರಲ್ಲಿ ಅವರಿಗಾಗಿ ಒಂದು ಊರನ್ನೇ ಕಟ್ಟಲು ಶುರು ಮಾಡಿದರು. ಸುಲ್ತಾನ್ ಅಬ್ದುಲ್ ಮಜೀದನ ಹೆಸರಿನ ಮೆಜಿದಿಯಾ ಅದೇ. ಮೇ 18ಕ್ಕೆ ತಾತಾರರ ಮನೆಗೆ ಹೋದರೆ ಮೆಲ್ಲಗೆ ಮಾತಾಡಿ. 1944ರ ಆ ದಿನ, ಕ್ರೈಮಿಯಾದಲ್ಲೇ ಉಳಿದಿದ್ದ ಬಂಧುಗಳನ್ನು ಸ್ಟಾಲಿನ್ ಸರ್ಕಾರ ಗೂಡ್ಸ್ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಅಟ್ಟಲು ಶುರು ಮಾಡಿತ್ತು.

ಮಂಗಾಲಿಯಾಗೂ ಹೋಗಿ. ಮಂಗಳೂರಿನವರಿಗೆ ಹೆಸರು ಕೇಳಿಯೇ ಖುಷಿಯಾಗುತ್ತೆ, ಅಲ್ವಾ? ಅಲ್ಲಿ 16ನೇ ಶತಮಾನದ ಇಸ್ಮಹಾನ್ ಸುಲ್ತಾನ್ ಮಸೀದಿ ಇದೆ. ಅಂಗಳದ ಹಳೇ ಗೋರಿಕಲ್ಲುಗಳಲ್ಲಿ ಕೆಲವಕ್ಕೆ ಪೇಟ ಕೆತ್ತಿದ್ದಾರೆ. ಸುಮ್ನೆ ಫೋಟೊ ಹೊಡೆದು ಓಡಬೇಡಿ, ಸ್ವಲ್ಪ ಹೊತ್ತು ಕೂತುಕೊಳ್ಳಿ.

ಅಜ್ಜಿ ಈಗ ನಮ್ಮನ್ನು ಶುಬೆರೆಕ್ ತಿನ್ನಲು ಕರೆಯುತ್ತಾರೆ. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಅರ್ಧಕ್ಕೆ ಈರುಳ್ಳಿ ಕಲಸಿದ ಹಸಿ ಖೀಮಾ ಸವರಿ, ಮಡಚಿ, ಅಂಚು ಒತ್ತುತ್ತಾರೆ. ಥೇಟ್ ನಮ್ಮ ಕರ್ಜಿಕಾಯಿ ಆಕಾರ. ಎಣ್ಣೆಗೆ ಬಿಟ್ಟರೆ ಉಬ್ಬಿ ಬರುತ್ತದೆ. ಮಾಂಸ ತಿನ್ನದವರು ಮೊದಲೇ ಹೇಳಿಬಿಡಿ, ಚೀಸ್ ತುಂಬಿ ಕೊಡುತ್ತಾರೆ.

ಅಜ್ಜಿಯ ಮೊಮ್ಮಕ್ಕಳಿಗೆ ತಾತಾರಿ ಅರ್ಥವಾಗುತ್ತೆ, ಮಾತಾಡುವುದು ಮಾತ್ರ ರೊಮೇನಿಯನ್. ನಾನು ಕನ್ನಡದಲ್ಲಿ ಕೇಳಿದರೆ ನನ್ನ ಮಗಳೂ ರೊಮೇನಿಯನ್‌ನಲ್ಲೇ ಉತ್ತರಿಸುತ್ತಾಳೆ. ಮನೆಯಲ್ಲಿ ಕನ್ನಡವನ್ನು ಮೊದಲ ದಿನದಿಂದಲೇ ಹಟ ಹಿಡಿದು ಆಡಿ. ಆಮೇಲೆ ನೋಡೋಣ ಅಂತ ನಾನು ಕಳೆದುಕೊಂಡ ನಾಲ್ಕು ವರ್ಷಗಳು ವಾಪಸ್ ಬರಲಿಲ್ಲ.

ಹೋದ ವಾರ ಅಜ್ಜಿ ಹಿಟ್ಟಿನ ಉಂಡೆಗಳನ್ನು "ಬಿರ್, ಎಕಿ, ಉಶ್" ಅಂತ ಎಣಿಸುತ್ತಿದ್ದರು. ಮಗಳು ಪಕ್ಕದಲ್ಲಿ "ಒಂದು, ಎರಡು, ಮೂರು" ಅಂತ ಶುರು ಮಾಡಿದಳು. ಉಂಡೆ ಹದಿನಾಲ್ಕಿದ್ದವು. ಅವಳು ಹತ್ತಕ್ಕೆ ನಿಂತು ನನ್ನ ಮುಖ ನೋಡಿದಳು.