ಇಲಿಯ ಹಾಲು ಕರೆದ ನನ್ನ ಅನುಭವ

ಇಲಿಯ ಹಾಲು ಕರೀತೀನಿ ಅಂದ್ರೆ ಮಂಡ್ಯದ ಕಡೆಯ ನಮ್ಮೂರಲ್ಲಿ ಯಾರೂ ನಂಬಲ್ಲ. ಮೈಸೂರಿನ ಲ್ಯಾಬಿನಲ್ಲಿ ನನ್ನ ಕೆಲಸ ಅದೇ. ಮೊದಲು ಮರಿಗಳನ್ನು ಮೂರ್ನಾಲ್ಕು ಗಂಟೆ ತಾಯಿಯಿಂದ ಬೇರೆ ಇಡುತ್ತೇನೆ. ಆಮೇಲೆ ತಾಯಿಗೆ ಅರಿವಳಿಕೆ ಕೊಟ್ಟು, ಹಾಲಿಳಿಸುವ ಹಾರ್ಮೋನ್ ಆಕ್ಸಿಟೋಸಿನ್ ಚುಚ್ಚಿ, ತೊಟ್ಟನ್ನು ಮೆಲ್ಲಗೆ ಒತ್ತುತ್ತೇನೆ. ಸಾಸಿವೆ ಕಾಳಿನಷ್ಟು ಬಿಳಿ ಹನಿ ಮೂಡುತ್ತದೆ. ಅದನ್ನು ಸಣ್ಣ ಗಾಜಿನ ನಳಿಗೆಗೆ ಎಳೆದುಕೊಳ್ಳಬೇಕು. ಊರಲ್ಲಿ ಅವ್ವ ಕರು ಬಿಟ್ಟಾಗ ಹಸು ಹಾಲಿಳಿಸುವುದೂ ಇದೇ ಹಾರ್ಮೋನಿನಿಂದ ಅಲ್ವಾ.

ಆ ಹನಿಯಲ್ಲಿ ನಾವು ಹುಡುಕುತ್ತಿದ್ದುದು ಮನುಷ್ಯರ ಒಂದು ಪ್ರೋಟೀನ್, ಆಲ್ಫಾ-1-ಆಂಟಿಟ್ರಿಪ್ಸಿನ್. ಹುಟ್ಟಿನಿಂದ ಇದು ಕಡಿಮೆ ಇರುವವರ ಶ್ವಾಸಕೋಶ ಬೇಗ ಹಾಳಾಗಬಹುದು. ಅದು ಇಲಿಯ ಹಾಲಿನಲ್ಲಿ ಬರಲಿ ಅಂತ ಅದರ ಜೀನನ್ನು ಇಲಿಗೆ ಸೇರಿಸಿದ್ದೆವು. ಆ ಜೀನಿನ ಮುಂದೆ ಕುರಿಯ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಪ್ರಮೋಟರ್ ಕೂರಿಸಿದ್ದೆವು. ಕೆಚ್ಚಲಿನಲ್ಲಿ, ಹಾಲೂಡುವ ಕಾಲದಲ್ಲಿ ಜೀನನ್ನು ಎಬ್ಬಿಸುವ ಸ್ವಿಚ್ ಅದು.

ಮೊದಲ ಸಲ ಸಿಡಿಎನ್‌ಎ ಹಾಕಿದೆವು. ಅಂದರೆ ಇಂಟ್ರಾನ್‌ಗಳಿಲ್ಲದ ಗಿಡ್ಡ ಜೀನ್. ಇಂಟ್ರಾನ್ ಅಂದರೆ ಜೀನಿನ ನಡುನಡುವೆ ಬರುವ, ಪ್ರೋಟೀನಿನ ಸಂಕೇತವಿಲ್ಲದ ತುಣುಕು. ಲ್ಯಾಬಿನಲ್ಲಿ ಕಟ್ಟೋದು ಸುಲಭ ಅಂತ. ಇಲಿಗಳಲ್ಲಿ ಜೀನ್ ಸೇರಿದ್ದು ಪಿಸಿಆರ್ ಅನ್ನೋ ಡಿಎನ್‌ಎ ಪರೀಕ್ಷೆಯಲ್ಲಿ ಕಂಡಿತು. ಹಾಲಿನಲ್ಲಿ ಮಾತ್ರ ಏನೂ ಇಲ್ಲ! ಪ್ರೋಟೀನ್ ಇದ್ದರೆ ಫಿಲ್ಮಿನಲ್ಲಿ ಪಟ್ಟಿಯಾಗಿ ತೋರಿಸುವ ಪರೀಕ್ಷೆ ಬ್ಲಾಟ್. ಬ್ಲಾಟ್ ಮೇಲೆ ಬ್ಲಾಟ್ ಮಾಡಿದರೂ ಖಾಲಿ. ಆ ತಿಂಗಳುಗಳು ತುಂಬಾ ಕಷ್ಟ ಆದವು.

ದಾರಿ ತೋರಿಸಿದ್ದು ಟ್ರೇಸಿ. 1990ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕುರಿ. ಅದರ ಹಾಲಿನಲ್ಲಿ ಇದೇ ಪ್ರೋಟೀನ್ ಲೀಟರಿಗೆ ಸುಮಾರು 35 ಗ್ರಾಂನಷ್ಟು ಬಂದಿತ್ತು. ಅದರಲ್ಲಿದ್ದದ್ದು ಇಂಟ್ರಾನ್‌ಗಳಿರುವ ಜೀನ್, ಉದ್ದದ ಮೊದಲ ಇಂಟ್ರಾನ್ ಒಂದನ್ನು ಬಿಟ್ಟು. ಇಂಟ್ರಾನ್ ಅಂದರೆ ಸುಮ್ನೆ ತುಂಬಿದ ಕಸ ಅಲ್ಲ. ಅದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸುವ ಕೆಲಸವೇ, ಜೀನಿನ ನಕಲಾದ ಆರ್‌ಎನ್‌ಎ ಕೋಶದ ನ್ಯೂಕ್ಲಿಯಸ್ಸಿನಿಂದ ಸರಿಯಾಗಿ ಹೊರಬರಲು ನೆರವಾಗುತ್ತದೆ. ಕೆಲವು ಇಂಟ್ರಾನ್‌ಗಳಲ್ಲಿ ಜೀನನ್ನು ಹುರಿದುಂಬಿಸುವ ತುಣುಕುಗಳೂ ಇರುತ್ತವೆ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಚೆನ್ನಾಗಿ ನಡೆದ ಸಿಡಿಎನ್‌ಎ ಪ್ರಾಣಿಯಲ್ಲಿ ಮಲಗಿಬಿಡೋದು ಇದಕ್ಕೇ.

ನಾವೂ ಹಾಗೇ ಕಟ್ಟಿದೆವು. ಹೊಸ ಇಲಿಯ ಹಾಲನ್ನು ಬ್ಲಾಟ್ ಮಾಡಿದ ದಿನ ಫಿಲ್ಮಿನಲ್ಲಿ ಕಪ್ಪು ಪಟ್ಟಿ ಎದ್ದು ನಿಂತಿತು. ನನ್ನ ಕೈ ನಡುಗಿತ್ತು.

ಆದರೆ ಎಲ್ಲ ಇಲಿಗಳಲ್ಲೂ ಹಾಗಾಗಲಿಲ್ಲ. ಒಂದರ ಹಾಲಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಬರೀ ನೆರಳು. ಜೀನ್ ಕ್ರೋಮೋಸೋಮಿನಲ್ಲಿ ಎಲ್ಲಿ ಹೋಗಿ ಕೂರುತ್ತೆ ಅನ್ನೋದು ನಮ್ಮ ಕೈಲಿಲ್ಲ. ಮುಚ್ಚಿಕೊಂಡ ಜಾಗಕ್ಕೆ ಬಿದ್ದರೆ ಅಕ್ಕಪಕ್ಕದ ಡಿಎನ್‌ಎ ಅದನ್ನೂ ಮುಚ್ಚಿಬಿಡುತ್ತದೆ. ಅದಕ್ಕೇ ಈ ಸಲ ಜೀನಿನ ಎರಡೂ ತುದಿಗೆ ಕೋಳಿಯ ಬೀಟಾ-ಗ್ಲೋಬಿನ್ ಇನ್ಸುಲೇಟರ್ ಹಾಕಿದ್ದೇವೆ, ಹೊಲಕ್ಕೆ ಬೇಲಿ ಹಾಕಿದಂತೆ. ಹೋದ ವಾರ ಮರಿಗಳು ಹುಟ್ಟಿವೆ. ಹೆಣ್ಣುಮರಿಗಳು ಬೆಳೆದು, ಮರಿ ಹಾಕಿ, ಹಾಲು ಬಿಡುವವರೆಗೆ ಕಾಯಬೇಕು.